ನಾನು ಊದಿದ ಗುಳ್ಳೆಗಳು

ನನ್ನ ಕೈಗೆ ಒಂದು ಹೆಸರಿತ್ತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ನಾಚಬೇಕಾದ ಸಂಗತಿ ಬೇರೆಯೇ ಇದೆ. ಲೋಹದ ತುಂಡನ್ನು ಉಜ್ಜಿ ಉಜ್ಜಿ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಡಲು ಸಿದ್ಧಪಡಿಸುವುದು ನನ್ನ ಕಸುಬು. ಮೊದಲು ಕೆಜಿಎಫ್‌ನ ಒಂದು ಕಾರ್ಖಾನೆಯ ಲೋಹ ಪರೀಕ್ಷೆಯ ಕೋಣೆಯಲ್ಲಿ ಹದಿನೈದು ವರ್ಷ, ಆಮೇಲೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ವರ್ಷದಿಂದ ವರ್ಷಕ್ಕೆ ಗುತ್ತಿಗೆಯ ಮೇಲೆ, ಕೂದಲು ಬೆಳ್ಳಗಾಗುವ ತನಕ. ಡಾಕ್ಟರೇಟ್ ಪಡೆದವರು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತು, ‘ನಮ್ಮದು ಯಾವಾಗ ಸಿಗುತ್ತೆ’ ಎಂದು ಕೇಳುತ್ತಿದ್ದರು. ಯಾರಾದರೂ ಹತ್ತಿರ ಬಂದು ಜೋರಾಗಿ ಉಸಿರಾಡಿದರೆ ಬೈದು ಆಚೆ ಕಳಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನಿಗೆ ಅಂಥ ಅಧಿಕಾರ ಸಿಕ್ಕರೆ ತಲೆಗೆ ಏರದೆ ಇರುತ್ತದೆಯೇ? ಏರಿತ್ತು.

ಮನೆ ಕೆಜಿಎಫ್‌ನ ಉರಿಗಾಂನಲ್ಲಿ. ನನ್ನ ಮಾವ ಚಿನ್ನದ ಗಣಿಯಲ್ಲಿದ್ದಾಗ ಸಿಕ್ಕ ಮನೆ, ಗಣಿ ಮುಚ್ಚಿದ ಮೇಲೂ ಹಾಗೇ ನಮ್ಮ ಕೈಯಲ್ಲಿ ಉಳಿಯಿತು. ಹೆಂಡತಿ ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಟೀಚರ್. ಅವಳು ಊರು ಬಿಟ್ಟು ಬರುವುದಿಲ್ಲ ಎಂದಳು, ನನಗೂ ಬಿಡುವ ಮನಸ್ಸಿರಲಿಲ್ಲ. ಹಾಗಾಗಿ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಟ್ರೈನ್ ಹತ್ತುವುದು, ಸಂಜೆ ಅದೇ ಟ್ರೈನಿನಲ್ಲಿ ವಾಪಸು ಬರುವುದು. ನಮ್ಮ ಕಡೆಯ ಸಾವಿರಾರು ಜನರ ಬದುಕು ಹೀಗೇ. ಗಣಿಯ ಸೈರನ್ ನಿಂತ ಮೇಲೆ ನಮ್ಮ ಊರಿಗೆ ಗಡಿಯಾರ ಅಂತ ಉಳಿದದ್ದು ಆ ಟ್ರೈನ್ ಒಂದೇ. ಸಂಜೆಯ ಟ್ರೈನ್ ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು, ಅದರಲ್ಲೂ ಬಾಗಿಲಲ್ಲಿ ಜೋತಾಡಿಕೊಂಡು ಬರಬೇಕು. ಆದ್ದರಿಂದ ನಮ್ಮವರು ಯಾವ ಆಫೀಸಿನಲ್ಲಿದ್ದರೂ ಐದು ಗಂಟೆಯ ಹೊತ್ತಿಗೆ ಕಾಲು ತುರಿಸಲು ಶುರುವಾಗುತ್ತದೆ. ಮೇಲಧಿಕಾರಿ ಮಾತಾಡುತ್ತಿದ್ದರೂ ಕಣ್ಣು ಗಡಿಯಾರದ ಮೇಲೆ. ಇದನ್ನು ಬೆಂಗಳೂರಿನವರು ಸೋಮಾರಿತನ ಅನ್ನುತ್ತಾರೆ. ಅವರಿಗೇನು ಗೊತ್ತು.

ಆ ಹುಡುಗಿ ನಮ್ಮ ಪ್ರಯೋಗಾಲಯಕ್ಕೆ ಪಿಎಚ್‌ಡಿ ಮಾಡಲು ಬಂದವಳು. ಮೊದಲ ವಾರವೇ ನನ್ನ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟು ಬೈಸಿಕೊಂಡಳು. ಅದೇ ಸಂಜೆ ಟ್ರೈನಿನಲ್ಲಿ ನನ್ನ ಎದುರಿಗೇ ನಿಂತಿದ್ದಾಳೆ. ಬಂಗಾರಪೇಟೆಯ ಹತ್ತಿರದ ಹಳ್ಳಿಯವಳು. ಅಪ್ಪ ಇಲ್ಲ, ಅಮ್ಮ ನಾಲ್ಕು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಓದಿಸಿದ್ದರು. ಬೆಳಿಗ್ಗೆ ಎರಡು ಹಸುಗಳ ಹಾಲು ಕರೆದಿಟ್ಟೇ ಇವಳು ಟ್ರೈನಿಗೆ ಬರುತ್ತಿದ್ದಳು. ಪ್ರಯೋಗಾಲಯದಲ್ಲಿ ಅಳೆದು ತೂಗಿ ಇಂಗ್ಲಿಷ್ ಆಡುವವಳು, ಟ್ರೈನ್ ಹತ್ತಿದ ಕೂಡಲೇ ಊರಿನ ಮಾತಿಗೆ ಇಳಿದುಬಿಡುತ್ತಿದ್ದಳು.

‘ಅಣ್ಣಾ, ಮಧ್ಯಾನ ಅಷ್ಟೊಂದ್ ಬೈದ್ರಲ್ಲ, ನೀವು ನಮ್ಮ ಕಡೆಯೋರಾ? ಅಂಗಿದ್ರೆ ಪರವಾಗಿಲ್ಲ ಬುಡಿ,’ ಎಂದಳು.

ಆಮೇಲೆ ನಮ್ಮಿಬ್ಬರ ನಡುವೆ ಟ್ರೈನಿನವರ ಒಪ್ಪಂದ ಬೆಳೆಯಿತು. ಬೆಳಿಗ್ಗೆ ನಾನು ಉರಿಗಾಂನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ, ಬಂಗಾರಪೇಟೆ ತನಕ ಕಾಯುತ್ತಿದ್ದೆ. ಅದಕ್ಕಾಗಿ ಎಷ್ಟು ಜನರ ಜೊತೆ ಕೋರಮಂಡಲ್ ಸ್ಟೇಷನ್ನಿನಲ್ಲಿ ಜಗಳ ಆಡಿದ್ದೇನೋ. ಸಂಜೆ ಅವಳು ಮೊದಲು ಹೋದರೆ ದುಪಟ್ಟಾ ಹಾಸಿ ನನಗೆ ಜಾಗ ಹಿಡಿಯುತ್ತಿದ್ದಳು. ನನಗೆ ಮಕ್ಕಳಿಲ್ಲ. ಇವಳೇ ಮಗಳಂತಿದ್ದಳು ಎಂದು ಹೇಳಲು ಈಗ ಬಾಯಿಲ್ಲ, ಆದರೆ ಆಗ ಹಾಗೆ ಅನ್ನಿಸುತ್ತಿದ್ದುದು ನಿಜ.

ಅವಳ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಜಲಜನಕದಲ್ಲಿ ವಿಕಿರಣ ಸೂಸುವ ಒಂದು ಬಗೆಯಿದೆ, ಟ್ರಿಟಿಯಂ ಅನ್ನುತ್ತಾರೆ. ಅದನ್ನು ಸಿಲಿಂಡರಿನಲ್ಲಿ ತುಂಬಿಡುವುದಕ್ಕಿಂತ ಕೆಲವು ಲೋಹಗಳಿಗೆ ಕುಡಿಸಿ ಇಡುವುದು ಕ್ಷೇಮ. ಪಲ್ಲಾಡಿಯಂನಂಥ ಲೋಹ ಅದನ್ನು ಸ್ಪಂಜು ನೀರು ಹೀರಿದಂತೆ ಹೀರಿಕೊಳ್ಳುತ್ತದೆ. ಆದರೆ ಟ್ರಿಟಿಯಂ ಸುಮ್ಮನೆ ಕೂರುವ ಸಾಮಾನಲ್ಲ, ವರ್ಷ ಕಳೆದಂತೆ ಹೀಲಿಯಂ ಆಗಿ ಬದಲಾಗುತ್ತದೆ. ಹೀಲಿಯಂಗೆ ಲೋಹದ ಸಹವಾಸ ಆಗುವುದಿಲ್ಲ. ಆಚೆ ಹೋಗಲು ದಾರಿಯಿಲ್ಲದೆ ಒಂದರ ಪಕ್ಕ ಒಂದು ಸೇರಿ, ಲೋಹದ ಹೊಟ್ಟೆಯೊಳಗೇ ಗುಳ್ಳೆಗಟ್ಟುತ್ತದೆ. ತಲೆಗೂದಲ ಅಗಲದಲ್ಲಿ ಸಾಲಾಗಿ ಜೋಡಿಸಿದರೆ ಹತ್ತಾರು ಸಾವಿರ ಹಿಡಿಯುವಷ್ಟು ಸಣ್ಣ ಗುಳ್ಳೆಗಳು. ಹೊರಗಿನಿಂದ ನೋಡಿದರೆ ತುಂಡು ಥಳಥಳ ಹೊಳೆಯುತ್ತಿರುತ್ತದೆ. ಒಳಗೆ ಗುಳ್ಳೆ ಹೆಚ್ಚಿ, ಲೋಹ ಉಬ್ಬಿ, ಪೆಡಸಾಗಿ, ಒಂದು ದಿನ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಎಷ್ಟು ವರ್ಷದ ತನಕ ಇಂಥ ಲೋಹವನ್ನು ನಂಬಬಹುದು ಎಂದು ತಿಳಿಯಬೇಕಾದರೆ ಆ ಗುಳ್ಳೆಗಳನ್ನು ಕಣ್ಣಾರೆ ನೋಡಿ, ಅಳೆದು, ಎಣಿಸಬೇಕು. ಅದು ಅವಳ ಪ್ರಬಂಧ.

ಬೇಕಾದ ಲೋಹ ಅಂಗಡಿಯಲ್ಲಿ ಸಿಗುವುದಲ್ಲ. ವರ್ಷಗಟ್ಟಲೆ ಟ್ರಿಟಿಯಂ ಕುಡಿದು ಕೂತಿದ್ದ ಒಂದು ತುಣುಕು ಬೇರೊಂದು ಸಂಸ್ಥೆಯಿಂದ ಬಂತು. ಉಳಿದ ಟ್ರಿಟಿಯಂ ಅನ್ನು ಅಲ್ಲೇ ಹೊರತೆಗೆದು, ಕೈಲಿ ಮುಟ್ಟುವ ಹಾಗೆ ಮಾಡಿ, ಹತ್ತಾರು ರುಜು ಹಾಕಿಸಿಕೊಂಡು ಕೊಟ್ಟಿದ್ದರು. ಕಿರುಬೆರಳಿನ ಉಗುರಿನಷ್ಟು. ಅದನ್ನು ಎರಡು ಹೋಳು ಮಾಡಿದೆವು. ಒಂದು ಹೋಳು ನನ್ನ ಕೈಗೆ, ಇನ್ನೊಂದು ನಮ್ಮ ಮುಖ್ಯಸ್ಥರ ಲಾಕರಿಗೆ.

‘ಹಾಳಾದರೆ ಇನ್ನೊಂದಕ್ಕೆ ಇಪ್ಪತ್ತು ವರ್ಷ ಕಾಯಬೇಕು,’ ಎಂದರು ಮುಖ್ಯಸ್ಥರು.

‘ನನ್ನ ಕೈಲಿ ಹಾಳಾಗಲ್ಲ ಸಾರ್,’ ಎಂದೆ. ಹಾಗೆ ಹೇಳುವುದು ನನಗೆ ಅಭ್ಯಾಸವಾಗಿತ್ತು.

ಕೆಲಸದ ರೀತಿ ಹೀಗೆ. ಮೊದಲು ಉಪ್ಪುಕಾಗದದ, ಅಂದರೆ ಸ್ಯಾಂಡ್‌ಪೇಪರಿನ ಮೇಲೆ ಕೈಯಲ್ಲೇ ಉಜ್ಜಿ ತೆಳ್ಳಗೆ ಮಾಡುವುದು. ಆಮೇಲೆ ಒಂದು ಯಂತ್ರದೊಳಗೆ ಗಾಳಿಯನ್ನೆಲ್ಲ ಹೀರಿ ತೆಗೆದು, ಆರ್ಗಾನ್ ಎಂಬ ಅನಿಲದ ಕಣಗಳನ್ನು ಎರಡೂ ಬದಿಯಿಂದ ಚಿಮ್ಮಿಸಿ ನಡುವಿನಲ್ಲಿ ಕೆರೆಯುವುದು. ಕೊನೆಗೆ ನಡುಮಧ್ಯೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆ ತೂತಿನ ಅಂಚಿನಲ್ಲಿ ಮಾತ್ರ ಲೋಹ ಎಲೆಕ್ಟ್ರಾನ್ ಹಾಯುವಷ್ಟು ತೆಳ್ಳಗಿರುತ್ತದೆ, ಸೂಕ್ಷ್ಮದರ್ಶಕ ನೋಡುವುದು ಅದನ್ನೇ. ಶುರುವಿನಲ್ಲಿ ಆರ್ಗಾನನ್ನು ಜೋರಾಗಿ ಬಿಡಬಹುದು. ತೂತು ಬೀಳುವ ಹೊತ್ತಿಗೆ ವೋಲ್ಟೇಜ್ ಇಳಿಸಬೇಕು, ಕೊನೆಯ ಎರಡು ಗಂಟೆ ತೀರಾ ಮೆಲ್ಲಗೆ, ಮಗುವಿನ ಮೈ ಒರೆಸಿದ ಹಾಗೆ. ಜೋರಾಗಿಯೇ ಬಿಟ್ಟರೆ ಆರ್ಗಾನ್ ಲೋಹದೊಳಗೆ ನುಗ್ಗಿ ಅಲ್ಲೇ ಗೂಡು ಕಟ್ಟುತ್ತದೆ. ಈ ಪಾಠವನ್ನು ಹೊಸಬರಿಗೆಲ್ಲ ಹೇಳಿಕೊಟ್ಟವನು ನಾನೇ.

ಪ್ರತಿ ಹಂತದ ವೋಲ್ಟೇಜು, ಹೊತ್ತು ಎಲ್ಲ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಸಂಜೆ ಬರೆಯುತ್ತ ಕೂತರೆ ಟ್ರೈನ್ ತಪ್ಪುತ್ತದೆ ಎಂದು ನಾನು ಬೆಳಿಗ್ಗೆಯೇ ಇಡೀ ಪುಟ ತುಂಬಿಸಿಡುತ್ತಿದ್ದೆ. ಹೇಗೂ ದಿನಾ ಮಾಡುವುದು ಅದೇ ಕ್ರಮ, ಅದೇ ಅಂಕಿಗಳು. ಬರೆದಂತೆಯೇ ಮಾಡುತ್ತಿದ್ದೆ ಕೂಡ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅವಳ ತುಣುಕಿಗೆ ಕೊನೆಯ ಕೈ ಹಾಕಬೇಕಾದ ದಿನ ಆಯುಧಪೂಜೆಯ ಹಿಂದಿನ ದಿನವಾಗಿತ್ತು. ನಮ್ಮ ಟ್ರೈನಿನವರಿಗೆ ಅದೇ ದೊಡ್ಡ ಹಬ್ಬ. ಮಾರನೇ ದಿನ ಎಲ್ಲರಿಗೂ ರಜೆಯಾದ್ದರಿಂದ ಹಿಂದಿನ ಸಂಜೆಯೇ ಬೆಂಗಳೂರು ಸ್ಟೇಷನ್ನಿನಲ್ಲಿ ನಮ್ಮ ಬೋಗಿಗೆ ಪೂಜೆ. ಕಿಟಕಿ ಕಿಟಕಿಗೂ ಚೆಂಡುಹೂವು, ಬಾಗಿಲಿಗೆ ಬಾಳೆಕಂದು, ಫ್ಯಾನಿಗೂ ಕುಂಕುಮ, ಕಡಲೆಪುರಿ, ಬಾಳೆಹಣ್ಣು. ಹೊರಡುವ ಮುಂಚೆ ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ಬೂದುಗುಂಬಳ ಒಡೆಯುವುದು. ಆ ಕುಂಬಳ ಪ್ರತಿವರ್ಷ ನಮ್ಮ ಮನೆಯದು, ಸ್ನಾನದ ಮನೆಯ ಮಾಡಿನ ಮೇಲೆ ಹಬ್ಬಿದ ಬಳ್ಳಿಯದು. ಒಡೆಯುವುದೂ ನಾನೇ. ಹನ್ನೊಂದು ವರ್ಷದಿಂದ ಆ ಗೌರವ ನನ್ನದಾಗಿತ್ತು. ಬೆಳಿಗ್ಗೆ ಗೋಣಿಚೀಲದಲ್ಲಿ ಸುತ್ತಿ ತಂದು ಪ್ರಯೋಗಾಲಯದ ಮೇಜಿನ ಕೆಳಗೆ ಇಟ್ಟಿದ್ದೆ.

ಬೆಳಿಗ್ಗೆಯೇ ಯಂತ್ರದ ಪಂಪು ಕೈಕೊಟ್ಟಿತು. ಅದು ಸರಿಹೋಗುವಾಗ ಊಟದ ಹೊತ್ತು ದಾಟಿತ್ತು. ರಜೆ ಮುಗಿದ ಕೂಡಲೇ ಸೂಕ್ಷ್ಮದರ್ಶಕದಲ್ಲಿ ಅವಳಿಗೆ ಎರಡು ದಿನ ಕೊಟ್ಟಿದ್ದರು, ಅದು ಬಿಟ್ಟರೆ ಮತ್ತೆ ಮೂರು ತಿಂಗಳು ಸರದಿ ಇಲ್ಲ. ತುಣುಕು ಅವತ್ತೇ ಮುಗಿಯಬೇಕಿತ್ತು. ನಾಲ್ಕೂವರೆಗೆ ನೋಡಿದೆ, ತೂತು ಬಿದ್ದಿರಲಿಲ್ಲ. ಕ್ರಮದ ಪ್ರಕಾರ ಹೋದರೆ ಇನ್ನೂ ನಾಲ್ಕು ಗಂಟೆ ಕೆಲಸ.

ಆಗ ಫೋನ್ ಬಂತು. ಅವಳೇ. ಹೂವು ಕಟ್ಟಲು ಬೇಗ ಹೋಗಿದ್ದಳು.

‘ಅಣ್ಣಾ, ಸೀಟ್ ಇಡಿದಿದ್ದೀನಿ. ಬೇಗ ಬನ್ನಿ. ಎಲ್ಲಾರೂ ಕುಂಬಳಕಾಯಿ ಎಲ್ಲಿ, ಕುಂಬಳಕಾಯಿ ಎಲ್ಲಿ ಅಂತ ನನ್ನ ತಲೆ ತಿಂತವ್ರೆ.’

ಹಿಂದಿನಿಂದ ಯಾರೋ ತಮಿಳಿನಲ್ಲಿ ಕೂಗಿದರು, ಯಾರೋ ತೆಲುಗಿನಲ್ಲಿ ನಕ್ಕರು. ‘ಬಂದೆ ಬಂದೆ’ ಎಂದೆ. ಫೋನ್ ಇಟ್ಟು ಯಂತ್ರದ ಮುಂದೆ ನಿಂತೆ. ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಯೋಚಿಸಿಯೇ ವೋಲ್ಟೇಜಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ನಲವತ್ತು ನಿಮಿಷದಲ್ಲಿ ತೂತು ಬಿತ್ತು. ಮೆಲ್ಲಗಿನ ಹಂತ ಮಾಡಲೇ ಇಲ್ಲ. ತುಣುಕನ್ನು ಡಬ್ಬಿಯಲ್ಲಿ ಭದ್ರಮಾಡಿ, ಚೀಲವನ್ನು ಹೆಗಲಿಗೆ ಹಾಕಿ ಓಡಿದೆ. ಲಾಗ್ ಪುಸ್ತಕ ಬೆಳಿಗ್ಗೆ ಬರೆದಂತೆಯೇ ಇತ್ತು, ಎರಡು ಗಂಟೆ ಮೆಲ್ಲಗೆ ಎಂದು ನನ್ನ ದುಂಡು ಅಕ್ಷರದಲ್ಲಿ.

ಆ ವರ್ಷ ಕುಂಬಳ ಒಂದೇ ಏಟಿಗೆ ಒಡೆಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ಹಿಡಿದಿಟ್ಟ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಕಡಲೆಪುರಿ ತಿನ್ನುತ್ತ ಊರಿಗೆ ಬಂದೆ.

ರಜೆ ಮುಗಿದ ಎರಡನೇ ದಿನ ಅವಳು ಸೂಕ್ಷ್ಮದರ್ಶಕದ ಕೋಣೆಯಿಂದ ಓಡಿಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಪರದೆಯ ಮೇಲೆ ಬೂದು ಬಣ್ಣದ ಬಯಲು, ಅದರ ತುಂಬ ಬಿಳಿಯ ಚುಕ್ಕೆಗಳು, ಪ್ರತಿಯೊಂದಕ್ಕೂ ಕಪ್ಪು ಅಂಚು. ಅವಳು ಫೋಕಸ್ ತಿರುಗಿಸಿದಳು. ಬಿಳಿಯದೆಲ್ಲ ಕಪ್ಪಾಯಿತು, ಅಂಚು ಬೆಳ್ಳಗಾಯಿತು. ಹಾಗೆ ಬದಲಾದರೆ ಅದು ಕೊಳೆಯಲ್ಲ, ಗುಳ್ಳೆ ಎಂದು ಲೆಕ್ಕ.

‘ದೊಡ್ಡವು ಎಲ್ಲಾರೂ ನೋಡಿರೋವೇ. ಈ ಸಣ್ಣವು ನೋಡಿ ಅಣ್ಣಾ, ಎಷ್ಟವೆ! ಇವನ್ನ ಯಾರೂ ನೋಡಿಲ್ಲ.’

ಹೀಲಿಯಂ ಗುಳ್ಳೆಗಳು ಶುರುವಿನ ದಿನಗಳಲ್ಲೇ ಹುಟ್ಟಿ, ಆಮೇಲೆ ಬರೀ ಬೆಳೆಯುತ್ತವೆ ಎಂದು ತಿಳಿದವರ ನಂಬಿಕೆ. ಇವಳಿಗೆ ಕಂಡದ್ದು ಮುದಿ ಲೋಹದಲ್ಲೂ ಹೊಸದಾಗಿ ಹುಟ್ಟಿದ ಸಣ್ಣ ಗುಳ್ಳೆಗಳ ಹಿಂಡು. ನಾನು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದೆ. ಅವೂ ನಿಜವಾದ ಗುಳ್ಳೆಗಳೇ. ಆದರೆ ಒಳಗಿರುವುದು ಹೀಲಿಯಂ ಅಲ್ಲ, ಆರ್ಗಾನ್. ಅವನ್ನು ಊದಿದವನು ನಾನು, ಟ್ರೈನಿಗೆ ಹೊತ್ತಾಯಿತೆಂದು.

ಆಗಲೇ ಹೇಳಬಹುದಿತ್ತು. ಅವಳು ನಕ್ಕುಬಿಡುತ್ತಿದ್ದಳು, ಇಲ್ಲವೇ ಒಂದು ದಿನ ಮುಖ ಊದಿಸಿಕೊಂಡು ಕೂರುತ್ತಿದ್ದಳು, ಅಷ್ಟೇ. ‘ಇರಬಹುದಮ್ಮ’ ಎಂದೆ. ನನಗೂ ಖಾತ್ರಿಯಿಲ್ಲವಲ್ಲ, ಹೀಲಿಯಮ್ಮೇ ಆಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಟ್ರಿಟಿಯಂ ಕುಡಿಯದ ಅದೇ ಲೋಹದ ಇನ್ನೊಂದು ತುಂಡನ್ನು ಹೋಲಿಕೆಗೆಂದು ಎರಡು ತಿಂಗಳ ಹಿಂದೆ ತೆಳ್ಳಗೆ ಮಾಡಿಕೊಟ್ಟಿದ್ದೆ, ಅದನ್ನು ಅವಸರವಿಲ್ಲದೆ ಕ್ರಮವಾಗಿ ಮಾಡಿದ್ದೆ. ಅದರಲ್ಲಿ ಒಂದೂ ಗುಳ್ಳೆ ಇರಲಿಲ್ಲ. ಹಾಗಾಗಿ ಅವಳ ಮಾತು ಎಲ್ಲರಿಗೂ ಇನ್ನೂ ಗಟ್ಟಿಯಾಗಿ ಕಂಡಿತು.

ಮುಖ್ಯಸ್ಥರು ಹಿಗ್ಗಿಹೋದರು. ಲೇಖನ ಹೊರಬಂತು, ಮೊದಲ ಹೆಸರು ಅವಳದು. ಅವಳ ಹಳ್ಳಿಯ ಡೈರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಅವಳಿಗೆ ಶಾಲು ಹೊದಿಸಿದರಂತೆ. ಅವಳ ಅಮ್ಮ ಕರು ಹಾಕಿದ ಹಸುವಿನ ಗಿಣ್ಣು ಮಾಡಿ, ಏಲಕ್ಕಿ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ನನಗೆಂದು ಕಳಿಸಿದರು. ‘ನಿನ್ ಕೈಯಿಂದ ನನ್ ಮಗ್ಳು ಮೇಲ್ ಬಂದ್ಳಪ್ಪ ಅಂತ ಏಳು ಅಂದ್ಳು ಅಮ್ಮ,’ ಎಂದಳು ಹುಡುಗಿ. ಟ್ರೈನಿನಲ್ಲೇ ತಿಂದೆ. ಚೆನ್ನಾಗಿತ್ತು ಎಂದೂ ಹೇಳಿದೆ.

ವರ್ಷ ತುಂಬುವುದರೊಳಗೆ ಬೇರೆ ದೇಶದ ಒಂದು ಗುಂಪು ಅಂಥದೇ ಹಳೆಯ ಲೋಹವನ್ನು ನೋಡಿ, ಸಣ್ಣ ಗುಳ್ಳೆಗಳು ಇಲ್ಲವೇ ಇಲ್ಲ ಎಂದಿತು. ಪ್ರಶ್ನೆಗಳು ಬಂದವು. ಹೊಗಳಿಕೆಯಲ್ಲಿ ಪಾಲು ಕೇಳಿದ್ದ ಮುಖ್ಯಸ್ಥರು ಈಗ ಕೈತೊಳೆದುಕೊಳ್ಳಲು ಹೊರಟರು. ಹುಡುಗಿ ಅವಸರಪಟ್ಟಳು, ಚಿತ್ರಗಳನ್ನು ತನಗೆ ಬೇಕಾದಂತೆ ಓದಿಕೊಂಡಳು ಎಂದು ಎಲ್ಲರೆದುರು ಹೇಳಿದರು. ಬರಬರುತ್ತ ಜನರ ಬಾಯಲ್ಲಿ ಅದು ‘ಚಿತ್ರ ತಿದ್ದಿದ್ದಾಳೆ’ ಎಂದಾಯಿತು.

ಅವಳು ಅಳುತ್ತ ಕೂರಲಿಲ್ಲ. ಹಳೆಯ ತುಣುಕನ್ನು ಮತ್ತೆ ಒಳಗಿಟ್ಟು, ಅದರಲ್ಲಿ ಯಾವ ಯಾವ ಧಾತು ಇದೆ ಎಂದು ಎಕ್ಸ್‌ರೇಯಲ್ಲಿ ನೋಡಿದಳು. ಆರ್ಗಾನ್ ಸಿಕ್ಕಿತು, ಇರಬಾರದಷ್ಟು. ಮುಖ್ಯಸ್ಥರ ಹತ್ತಿರ ಹೋಗಿ, ಲಾಕರಿನಲ್ಲಿರುವ ಇನ್ನೊಂದು ಹೋಳು ಕೊಡಿ, ಸರಿಯಾಗಿ ತೆಳ್ಳಗೆ ಮಾಡಿಸಿ ಮತ್ತೆ ನೋಡುತ್ತೇನೆ, ತಪ್ಪಿದ್ದರೆ ನಾನೇ ಲೇಖನ ತಿದ್ದುತ್ತೇನೆ ಎಂದು ಕೇಳಿದಳು. ಅವರು ಲಾಗ್ ಪುಸ್ತಕ ತೆರೆದು ತೋರಿಸಿದರಂತೆ. ಇಷ್ಟು ವರ್ಷದ ಅನುಭವಸ್ಥ ಎರಡು ಗಂಟೆ ಮೆಲ್ಲಗೆ ಎಂದು ಬರೆದಿದ್ದಾನೆ, ಆರ್ಗಾನ್ ಎಲ್ಲಿಂದ ಬರುತ್ತದೆ? ನಿನ್ನ ತಪ್ಪನ್ನು ಅವನ ತಲೆಗೆ ಕಟ್ಟಬೇಡ. ಅವನೇ ಬರೆದುಕೊಟ್ಟರೆ ಹೋಳು ಕೊಡುತ್ತೇನೆ, ಇಲ್ಲದಿದ್ದರೆ ಲೇಖನ ವಾಪಸು ತೆಗೆದು ಪ್ರಬಂಧ ಮೊದಲಿನಿಂದ ಶುರುಮಾಡು ಎಂದರಂತೆ.

ಅವಳು ಒಂದು ಭಾನುವಾರ ಉರಿಗಾಂನ ನಮ್ಮ ಮನೆಗೆ ಬಂದಳು. ಮೊದಲನೇ ಸಲ ಬಂದದ್ದು. ಹೆಂಡತಿ ಕಾಫಿ ಕೊಟ್ಟು, ಒಳಗೆ ಒಗ್ಗರಣೆ ಹಾಕಲು ಹೋದಳು. ಹುಡುಗಿ ಲೋಟ ಕೈಯಲ್ಲಿ ಹಿಡಿದು ನಡೆದದ್ದನ್ನೆಲ್ಲ ಹೇಳಿ, ನೇರವಾಗಿ ಕೇಳಿದಳು.

‘ಅಣ್ಣಾ, ಅವತ್ತು ಪೂಜೆ ದಿನ ಕೊನೇದು ಮೆಲ್ಲಗೆ ಬುಟ್ರಾ, ಇಲ್ಲ ಜೋರಾಗೇ ಬುಟ್ರಾ? ನಾನೇ ಫೋನ್ ಮಾಡಿ ಅವಸರ ಮಾಡ್ದೆ, ನೆನಪೈತೆ ನಂಗೆ. ನಿಮ್ಮದೇನ್ ತಪ್ಪಿಲ್ಲ. ಎರಡೇ ಎರಡು ಸಾಲು ಬರ್ದುಕೊಡಿ ಸಾಕು. ಇನ್ನೊಂದು ಓಳು ಕೊಡ್ತಾರೆ. ನನ್ ಓದು ಉಳಿಯುತ್ತೆ.’

ತಪ್ಪನ್ನು ತನ್ನ ತಲೆಯ ಮೇಲೆ ಅರ್ಧ ಎಳೆದುಕೊಂಡೇ ಬಂದಿದ್ದಳು. ನಾನು ಒಪ್ಪಿಕೊಳ್ಳುವುದನ್ನು ಅದಕ್ಕಿಂತ ಸುಲಭ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಆ ತಿಂಗಳು ನನ್ನ ಗುತ್ತಿಗೆಯ ಕಾಗದ ಮುಖ್ಯಸ್ಥರ ಮೇಜಿನ ಮೇಲಿತ್ತು, ಆ ಭಯ ಇತ್ತು. ಆದರೆ ಬರೀ ಭಯವನ್ನು ಮುಂದಿಟ್ಟರೆ ನನ್ನನ್ನು ನಾನು ಉಳಿಸಿಕೊಂಡಂತೆ. ಭಯಕ್ಕಿಂತ ದೊಡ್ಡದು ಸೊಕ್ಕು. ಲಾಗ್ ಪುಸ್ತಕದ ಅಷ್ಟೂ ಪುಟಗಳನ್ನು ಬೆಳಿಗ್ಗೆಯೇ ತುಂಬಿಸುತ್ತಿದ್ದೆ ಎಂದು ಗೊತ್ತಾದರೆ, ಆ ಕೈಕಟ್ಟಿ ನಿಲ್ಲುವವರೆಲ್ಲ ನನ್ನನ್ನು ನೋಡಿ ನಗುತ್ತಾರೆ ಎಂಬುದು ಸಹಿಸಲಾಗಲಿಲ್ಲ.

‘ಮೆಲ್ಲಗೇ ಬಿಟ್ಟೆನಮ್ಮ. ಬರೆದಿದ್ದೀನಲ್ಲ,’ ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ‘ಸರಿ ಅಣ್ಣಾ’ ಎಂದಳು. ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ನನ್ನ ಹೆಂಡತಿಗೆ ‘ಬತ್ತೀನಕ್ಕ’ ಎಂದು ಹೇಳಿ ಹೋದಳು. ಅವಳಿಗೆ ಗೊತ್ತಾಗಿತ್ತು. ನನಗೂ ಅವಳಿಗೆ ಗೊತ್ತಾಯಿತೆಂದು ಗೊತ್ತಾಗಿತ್ತು. ಒಳಗಿಂದ ಹೆಂಡತಿ, ‘ಎಷ್ಟು ಒಳ್ಳೆಯ ಹುಡುಗಿ’ ಎಂದಳು. ನಾನು ಅವಳ ಮೇಲೆ ರೇಗಿದೆ.

ಲೇಖನ ವಾಪಸು ಹೋಯಿತು. ಅದರ ಜೊತೆ ಬರೆದ ಕಾರಣದಲ್ಲಿ ಅವಳ ಹೆಸರೊಂದೇ ಇತ್ತು. ಪ್ರಬಂಧವನ್ನು ಮೊದಲಿನಿಂದ ಮಾಡಲು ಇನ್ನಷ್ಟು ವರ್ಷ ಬೇಕು, ಅಷ್ಟು ದಿನ ವಿದ್ಯಾರ್ಥಿವೇತನ ಇರಲಿಲ್ಲ, ಮಾರ್ಗದರ್ಶಕರಾಗಿದ್ದ ಮುಖ್ಯಸ್ಥರೂ ಮುಖ ತಿರುಗಿಸಿದ್ದರು. ಬಿಟ್ಟುಹೋದಳು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಸೀಟಿನ ಮೇಲೆ ಟವೆಲ್ ಹಾಸಿದೆ. ಬಂಗಾರಪೇಟೆಯಲ್ಲಿ ಹತ್ತಿದ ಯಾರೋ ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂತರು. ನಾನು ಜಗಳ ಆಡಲಿಲ್ಲ.

ಆಮೇಲೂ ಏಳು ವರ್ಷ ಕೆಲಸ ಮಾಡಿದೆ. ಲಾಗ್ ಪುಸ್ತಕವನ್ನು ಮಾತ್ರ ಸಂಜೆಯೇ ಬರೆಯತೊಡಗಿದೆ, ಯಾರನ್ನು ಉದ್ಧಾರ ಮಾಡಲೋ ಗೊತ್ತಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಇವರ ಕೈ ಸುಳ್ಳು ಹೇಳಿದ್ದೇ ಇಲ್ಲ ಎಂದು ಒಬ್ಬರು ಭಾಷಣ ಮಾಡಿದರು. ನಾನು ಎದ್ದು ನಿಂತು ಕೈಮುಗಿದೆ. ಮನೆಗೆ ಬಂದು ಹಾರವನ್ನು ಹಿತ್ತಲಿಗೆ ಎಸೆದು, ಒಂದು ಕಾಗದ ತೆಗೆದುಕೊಂಡು, ಅವಳು ಕೇಳಿದ್ದ ಎರಡು ಸಾಲನ್ನು ಎರಡು ಪುಟ ಬರೆದೆ. ವೋಲ್ಟೇಜು, ಹೊತ್ತು, ಮೊದಲೇ ತುಂಬಿಸಿಟ್ಟ ಪುಟ, ಅವಳು ಮನೆಗೆ ಬಂದಾಗ ಆಡಿದ ಸುಳ್ಳು, ಎಲ್ಲ. ಕೆಳಗೆ ರುಜು ಹಾಕಿದೆ. ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಬಂದ ಧೈರ್ಯ. ಅದನ್ನು ಧೈರ್ಯ ಅನ್ನುವುದಾದರೆ.

ಅವಳ ಹಳ್ಳಿ ಬಂಗಾರಪೇಟೆಯಿಂದ ಆಟೋದಲ್ಲಿ ಅರ್ಧ ಗಂಟೆ. ಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಾಳೆ ಎಂದು ಟ್ರೈನಿನವರಿಂದ ತಿಳಿದುಕೊಂಡಿದ್ದೆ. ನಾನು ಹೋದಾಗ ಮಧ್ಯಾಹ್ನ, ಕಾಲೇಜಿಗೆ ರಜೆ. ಕೊಟ್ಟಿಗೆಯ ಮುಂದೆ ಮೇವು ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

‘ಬನ್ನಿ ಅಣ್ಣಾ, ಕೂತ್ಕೊಳಿ,’ ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದಳು.

ಕಾಗದ ಕೊಟ್ಟೆ. ನಿಂತೇ ಓದಿದಳು. ಎರಡನೇ ಪುಟವನ್ನು ಎರಡು ಸಲ ಓದಿದಳು. ಒಂದು ಕಡೆ, ‘ಇಲ್ಲಿ ನಲವತ್ತು ನಿಮಿಷ ಅಂತ ಬರ್ದಿದ್ದೀರ. ನನ್ನ ಲೆಕ್ಕದಲ್ಲಿ ಮೂವತ್ತೈದು ಬಂದಿತ್ತು,’ ಎಂದಳು. ಆರ್ಗಾನ್ ಎಷ್ಟು ಒಳಗೆ ಹೋಗಿದೆ ಎಂಬುದರಿಂದ, ನಾನು ಎಷ್ಟು ಹೊತ್ತು ಜೋರಾಗಿ ಬಿಟ್ಟಿರಬಹುದು ಎಂದು ಆಗಲೇ ಲೆಕ್ಕ ಹಾಕಿದ್ದಳಂತೆ. ಐದು ನಿಮಿಷ ಆಚೀಚೆ. ಅಂಥ ತಲೆ ಅದು. ಅದನ್ನು ನಾನು ಮೇವು ಕತ್ತರಿಸಲು ಕೂರಿಸಿದ್ದೆ.

‘ಯಾರಿಗ್ ಕೊಡ್ಲಿ ಅಣ್ಣಾ ಇದನ್ನ?’ ಎಂದಳು.

ಮುಖ್ಯಸ್ಥರು ನಿವೃತ್ತರಾಗಿ ಹೋಗಿದ್ದರು. ಲಾಕರಿನಲ್ಲಿದ್ದ ಹೋಳನ್ನು ತಂದ ಕಡೆಗೇ ವಾಪಸು ಕೊಟ್ಟಿದ್ದರು. ಅವಳ ಜಾಗದಲ್ಲಿ ಬೇರೆಯವರು ಬಂದು, ಬೇರೆ ಲೋಹ ನೋಡಿ, ಡಾಕ್ಟರೇಟ್ ಪಡೆದು ಹೊರಟೂ ಹೋಗಿದ್ದರು.

‘ಕ್ಷಮಿಸಮ್ಮ,’ ಎಂದೆ.

‘ನಂಗ್ ಏಳಿದ್ರಿ, ಆಯ್ತು. ಅಮ್ಮಂಗೆ ಏಳಿ.’

ಅವಳ ಅಮ್ಮ ಹಿತ್ತಲಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಯಾರೆಂದು ತಿಳಿದ ಕೂಡಲೇ ಮುಖ ಅರಳಿಸಿ, ‘ಓ, ಟ್ರೈನಿನ ಅಣ್ಣನಾ? ಕೂತ್ಕಳಪ್ಪ, ಕಾಪಿ ಇಡ್ತೀನಿ’ ಎಂದರು. ಬೇಡ ಎಂದು, ನಿಂತುಕೊಂಡೇ ಹೇಳಿದೆ. ಗುಳ್ಳೆ, ಆರ್ಗಾನ್, ವೋಲ್ಟೇಜು ಇವೆಲ್ಲ ಅವರಿಗೆ ಬೇಕಿರಲಿಲ್ಲ, ಆದರೂ ನಾನು ಅವುಗಳ ಹಿಂದೆ ಸ್ವಲ್ಪ ಹೊತ್ತು ಬಚ್ಚಿಟ್ಟುಕೊಂಡೆ. ಅವರು ತಾಳ್ಮೆಯಿಂದ ಕೇಳಿ, ಕೊನೆಗೆ ತಾವೇ ಅದನ್ನೆಲ್ಲ ಪಕ್ಕಕ್ಕೆ ಸರಿಸಿದರು.

‘ಅಂದ್ರೆ ತಪ್ಪು ಇವ್ಳ್ದಲ್ವಾ?’

‘ಅಲ್ಲಮ್ಮ. ನನ್ನದು.’

‘ಚಿತ್ರ ಇವ್ಳು ತಿದ್ದಿಲ್ವಾ?’

‘ಇಲ್ಲ.’

ಅವರು ಕ್ಯಾನಿನ ಮುಚ್ಚಳವನ್ನು ನೆಲದ ಮೇಲೆ ಇಟ್ಟು, ಜಗಲಿಯ ಅಂಚಿಗೆ ಕೂತರು. ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಡೈರಿಯ ಹತ್ತಿರ ಶಾಲು ಹೊದಿಸಿದವರೇ ಆಮೇಲೆ, ಸುಳ್ಳು ಬರೆದು ಸಿಕ್ಕಿಬಿದ್ದಳಂತೆ ಎಂದು ಆಡಿಕೊಂಡದ್ದು, ನೋಡಲು ಬಂದ ಎರಡು ಸಂಬಂಧ ಅದನ್ನು ಕೇಳಿ ಹಿಂದೆ ಸರಿದದ್ದು, ಇವೆಲ್ಲ ಅವರು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು.

‘ಊರೋರು ಅಂದ್ರು ಅಂತ ನಾನೂ ಅಂದೆ. ನನ್ ಮರ್ಯಾದೆ ಕಳ್ದೆ ಅಂತ ಇವ್ಳಿಗೆ ಅನ್ನ ಇಕ್ಕೋವಾಗ್ಲೂ ಅಂದೆ. ಎತ್ತವ್ಳು ನಾನೇ ನಂಬ್ನಿಲ್ಲ.’ ಮಗಳ ಕಡೆ ತಿರುಗಿದರು. ‘ನೀನಾದ್ರೂ ಏಳ್ಬಾರ್ದಾ? ನಾನ್ ಮಾಡಿಲ್ಲಮ್ಮ ಅಂತ ಒಂದ್ ಮಾತು ಏಳ್ಬಾರ್ದಾಗಿತ್ತೇನೇ?’

ಅವಳು ನನ್ನ ಕಾಗದವನ್ನು ಮಡಿಸುತ್ತಿದ್ದಳು.

‘ಏಳಿದ್ನಲ್ಲಮ್ಮ,’ ಎಂದಳು. ‘ದಿನಾ ಏಳಿದ್ನಲ್ಲ.’